ತಂತ್ರಾಂಶದ ಆವೃತ್ತಿ ಸಂಖ್ಯೆ: ಆ ಚುಕ್ಕೆಗಳ ನಡುವೆ ಏನಿದೆ?

2022ರ ಹೊಸ ವರ್ಷದ ದಿನ ಜಗತ್ತಿನ ಹಲವು ಸಂಸ್ಥೆಗಳಲ್ಲಿ ಇಮೇಲ್ ನಿಂತುಹೋಯಿತು. ಕಳಿಸಿದ ಪತ್ರಗಳು ಸರ್ವರ್‌ನ ಸರತಿ ಸಾಲಿನಲ್ಲೇ ಉಳಿದವು. ಇದು ವೈರಸ್ ದಾಳಿಯೂ ಅಲ್ಲ, ಅಂತರಜಾಲ ಸಂಪರ್ಕದ ಸಮಸ್ಯೆಯೂ ಅಲ್ಲ. ಈ ಸಂಸ್ಥೆಗಳು ತಮ್ಮದೇ ಕಟ್ಟಡಗಳಲ್ಲಿ ಇಟ್ಟುಕೊಂಡಿದ್ದ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸರ್ವರ್‌ಗಳಲ್ಲಿ, ಬರುವ ಪತ್ರಗಳಲ್ಲಿ ವೈರಸ್ ಇದೆಯೇ ಎಂದು ಪರೀಕ್ಷಿಸುವ ಒಂದು ಭಾಗವಿದೆ. ಆ ಭಾಗ ಬಳಸುವ ಮಾಹಿತಿ ಕಡತಕ್ಕೆ ದಿನವೂ ಹೊಸ ಆವೃತ್ತಿ ಸಂಖ್ಯೆ ಸಿಗುತ್ತಿತ್ತು. ವರ್ಷ, ತಿಂಗಳು, ದಿನ, ಆಮೇಲೆ ನಾಲ್ಕು ಅಂಕಿಯ ಕ್ರಮಸಂಖ್ಯೆ, ಇವನ್ನು ಒಟ್ಟಿಗೆ ಜೋಡಿಸಿದರೆ ಆವೃತ್ತಿ ಸಂಖ್ಯೆ ಸಿದ್ಧ. ಹಾಗಾಗಿ 2022ರ ಜನವರಿ 1ರ ಮೊದಲ ಆವೃತ್ತಿ 2201010001 ಆಯಿತು.

ತೊಂದರೆ ಇದ್ದದ್ದು ಆ ಸಂಖ್ಯೆಯನ್ನು ಇಡುವ ಡಬ್ಬಿಯಲ್ಲಿ. 32 ಬಿಟ್‌ಗಳ ಡಬ್ಬಿಯಲ್ಲಿ ಒಂದು ಬಿಟ್ಟನ್ನು ಪ್ಲಸ್-ಮೈನಸ್ ಗುರುತಿಗೆ ಬಿಟ್ಟುಕೊಟ್ಟರೆ ಹಿಡಿಸುವ ಅತಿ ದೊಡ್ಡ ಸಂಖ್ಯೆ 2,147,483,647. ಡಿಸೆಂಬರ್ 31ರ ಸಂಖ್ಯೆ 211 ಕೋಟಿಯ ಆಸುಪಾಸಿನಲ್ಲಿತ್ತು, ಹಿಡಿಸಿತು. ಜನವರಿ 1ರದ್ದು 220 ಕೋಟಿ ದಾಟಿತು, ಹಿಡಿಸಲಿಲ್ಲ. ಪರೀಕ್ಷಿಸುವ ಭಾಗವೇ ಏಳಲಿಲ್ಲವಾದ್ದರಿಂದ ಪತ್ರಗಳೂ ಮುಂದೆ ಹೋಗಲಿಲ್ಲ. ಮೈಕ್ರೋಸಾಫ್ಟ್ ಕೊಟ್ಟ ಪರಿಹಾರ ಇನ್ನೂ ಸ್ವಾರಸ್ಯಕರ: ಹೊಸ ಕಡತದ ಆವೃತ್ತಿಯನ್ನು 2112330001 ಎಂದು ಬದಲಿಸಿದರು. ಅಂದರೆ 2021ರ ಡಿಸೆಂಬರ್ 33!

ಮೊಬೈಲ್‌ನಲ್ಲಿ ಆ್ಯಪ್ ಅಪ್‌ಡೇಟ್ ಮಾಡುವಾಗ 'ಆವೃತ್ತಿ 8.14.2' ಎಂಬಂಥ ಸಾಲು ಕಣ್ಣಿಗೆ ಬೀಳುತ್ತದೆ, ನಾವು ಮುಂದೆ ಸಾಗುತ್ತೇವೆ. ಅದು ಬರೀ ಲೇಬಲ್, ಯಾರೋ ತಮಗೆ ತೋಚಿದಂತೆ ಹಚ್ಚಿದ್ದು ಎಂದೇ ಬಹಳ ಜನರ ಎಣಿಕೆ. ಕೆಲವೊಮ್ಮೆ ಹಾಗೆಯೇ ಇರುತ್ತದೆ ಕೂಡ. ಆದರೆ ಆ ಸಂಖ್ಯೆಯನ್ನು ನಾವು ಓದದಿದ್ದರೂ ಬೇರೆ ತಂತ್ರಾಂಶಗಳು ಓದುತ್ತವೆ, ಓದಿ ತೀರ್ಮಾನ ತೆಗೆದುಕೊಳ್ಳುತ್ತವೆ. ಎಡವಟ್ಟು ಶುರುವಾಗುವುದು ಅಲ್ಲಿಂದ.

ಅದು ದಶಮಾಂಶ ಬಿಂದು ಅಲ್ಲ

ಮೊದಲಿಗೆ ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು ಕಲ್ಪನೆ. 2.9 ದೊಡ್ಡದೋ 2.10 ದೊಡ್ಡದೋ? ಗಣಿತದ ಮೇಷ್ಟ್ರನ್ನು ಕೇಳಿದರೆ 2.9 ಎನ್ನುತ್ತಾರೆ. ತಂತ್ರಾಂಶದವರನ್ನು ಕೇಳಿದರೆ 2.10. ಇಲ್ಲಿನ ಚುಕ್ಕೆ ಎರಡು ಬೇರೆ ಬೇರೆ ಪೂರ್ಣಾಂಕಗಳ ನಡುವಿನ ಗೆರೆ ಮಾತ್ರ. ಪಠ್ಯಪುಸ್ತಕದಲ್ಲಿ 2.9ನೇ ಭಾಗ ಮುಗಿದ ಮೇಲೆ 2.10ನೇ ಭಾಗ ಬರುವುದಿಲ್ಲವೇ, ಹಾಗೆ. ಕ್ರಿಕೆಟ್ ನೋಡುವವರಿಗೆ ಇದು ಇನ್ನೂ ಸುಲಭ. 4.3 ಓವರ್ ಎಂದರೆ ನಾಲ್ಕು ಓವರ್ ಮತ್ತು ಮೂರು ಚೆಂಡು, ಅಂದರೆ ನಾಲ್ಕೂವರೆ ಓವರ್. ಅದನ್ನು ಯಾರೂ ನಾಲ್ಕು ದಶಮಾಂಶ ಮೂರು ಎಂದು ಲೆಕ್ಕ ಹಾಕುವುದಿಲ್ಲ.

ಮನುಷ್ಯರಿಗೆ ಹೀಗೆ ಹೇಳಿ ಅರ್ಥ ಮಾಡಿಸಬಹುದು, ಕಂಪ್ಯೂಟರಿಗೆ ಸಾಲುಸಾಲಾಗಿ ಬರೆದು ಹೇಳಬೇಕು. ಪೈಥಾನ್ ಭಾಷೆಯ 3.10ನೇ ಆವೃತ್ತಿ 2021ರಲ್ಲಿ ಬಂದಾಗ, ತಮ್ಮ ಸಂಯೋಜನೆ ಕಡತಗಳಲ್ಲಿ 3.10 ಎಂದು ಉದ್ಧರಣ ಚಿಹ್ನೆಯಿಲ್ಲದೆ ಬರೆದವರಿಗೆ ಆಶ್ಚರ್ಯ ಕಾದಿತ್ತು. ಕಡತ ಓದುವ ತಂತ್ರಾಂಶ ಅದನ್ನು ದಶಮಾಂಶ ಸಂಖ್ಯೆ ಎಂದುಕೊಂಡು, ಕೊನೆಯ ಸೊನ್ನೆಗೆ ಬೆಲೆಯಿಲ್ಲವೆಂದು ಬಿಸಾಕಿ, 3.1 ಕೊಡಿ ಎಂದು ಕೇಳುತ್ತಿತ್ತು. 3.1 ಬಂದದ್ದು 2009ರಲ್ಲಿ!

ಅಕ್ಷರಗಳಂತೆ ಹೋಲಿಸಿದರೆ ಇನ್ನೊಂದು ಬಗೆಯ ಪೇಚು. ಒಪೆರಾ ಬ್ರೌಸರ್ 2009ರಲ್ಲಿ ಹತ್ತನೇ ಆವೃತ್ತಿಗೆ ಕಾಲಿಟ್ಟಾಗ, ಹಲವು ಜಾಲತಾಣಗಳು ಆವೃತ್ತಿಯ ಮೊದಲ ಅಂಕಿಯನ್ನಷ್ಟೇ ಓದುತ್ತಿದ್ದವು. ಅವುಗಳ ಕಣ್ಣಿಗೆ ಒಪೆರಾ 10 ಎಂದರೆ ಒಪೆರಾ 1, ಅಂದರೆ ಓಬೀರಾಯನ ಕಾಲದ್ದು. ಕೊನೆಗೆ ಒಪೆರಾದವರೇ ಬಗ್ಗಬೇಕಾಯಿತು. ಜಾಲತಾಣಗಳಿಗೆ ತನ್ನನ್ನು 9.80 ಎಂದು ಪರಿಚಯಿಸಿಕೊಂಡು, ನಿಜವಾದ ಆವೃತ್ತಿಯನ್ನು ಅದೇ ಸಾಲಿನ ಬಾಲದಲ್ಲಿ ಬರೆಯುವ ವ್ಯವಸ್ಥೆ ಮಾಡಿದರು. 2022ರಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್ ನೂರನೇ ಆವೃತ್ತಿ ತಲುಪುವಾಗಲೂ ಇದೇ ಭಯವಿತ್ತು. ಎರಡೂ ತಂಡಗಳು ತಿಂಗಳುಗಳ ಮೊದಲೇ ಪ್ರಯೋಗ ಮಾಡಿ ನೋಡಿದ್ದರಿಂದ ದೊಡ್ಡ ಅನಾಹುತವೇನೂ ಆಗಲಿಲ್ಲ.

ಅಂಗಡಿಯ ಹೆಸರು, ಮನೆಯ ಹೆಸರು

ಪೆಟ್ಟಿಗೆಯ ಮೇಲೆ ಬರೆದ ಸಂಖ್ಯೆಗೂ ಒಳಗಿರುವ ಸಂಖ್ಯೆಗೂ ಸಂಬಂಧ ಇರಲೇಬೇಕೆಂದಿಲ್ಲ. ವಿಂಡೋಸ್ 7 ತನ್ನ ಒಳಗೆ 6.1. ವಿಂಡೋಸ್ 11 ಇವತ್ತಿಗೂ ಒಳಗೆ 10.0, ಬಿಲ್ಡ್ ಸಂಖ್ಯೆ 22000 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಅದನ್ನು ಹನ್ನೊಂದು ಎಂದು ತಿಳಿಯಬೇಕು.

ವಿಂಡೋಸ್ 7ಕ್ಕೆ 7.0 ಎಂದೇ ಕೊಟ್ಟಿದ್ದರೆ ಏನಾಗುತ್ತಿತ್ತು? ಇದಕ್ಕೊಂದು ಕಹಿ ಹಿನ್ನೆಲೆ ಇದೆ. ವಿಂಡೋಸ್ ಎಕ್ಸ್‌ಪಿಯ ಒಳಸಂಖ್ಯೆ 5.1. ಆ ಕಾಲದ ಹಲವು ತಂತ್ರಾಂಶಗಳು 'ಮೊದಲ ಸಂಖ್ಯೆ 5 ಅಥವಾ ಹೆಚ್ಚು, ಮತ್ತು ಎರಡನೇ ಸಂಖ್ಯೆ 1 ಅಥವಾ ಹೆಚ್ಚು ಇರಬೇಕು' ಎಂದು ಪರೀಕ್ಷಿಸುತ್ತಿದ್ದವು. ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ವಿಸ್ಟಾ ಬಂತು, ಅದರ ಒಳಸಂಖ್ಯೆ 6.0. ಮೊದಲ ಸಂಖ್ಯೆ ಹೆಚ್ಚಿದ್ದರೂ ಎರಡನೆಯದು ಸೊನ್ನೆ. 'ನಿಮ್ಮ ವಿಂಡೋಸ್ ಬಹಳ ಹಳೆಯದು' ಎಂದು ಹೇಳಿ ಆ ತಂತ್ರಾಂಶಗಳು ಬಾಗಿಲು ಹಾಕಿಕೊಂಡವು. ಮತ್ತೆ ಇದೇ ಗೋಳು ಬೇಡವೆಂದು ಮುಂದಿನದ್ದನ್ನು 6.1 ಎಂದೇ ಇಟ್ಟರು. ಬೈಗುಳ ಬೀಳುವುದು ತಪ್ಪಾಗಿ ಪರೀಕ್ಷಿಸಿದವರಿಗಲ್ಲ, ಹೊಸ ವಿಂಡೋಸ್ ಮಾಡಿದವರಿಗೆ ಎಂಬುದು ಅವರಿಗೆ ಗೊತ್ತಿತ್ತು.

ಸಂಖ್ಯೆಯೊಡನೆ ಆಟವಾಡಿದವರೂ ಇದ್ದಾರೆ. ಸ್ಲಾಕ್‌ವೇರ್ ಎಂಬ ಲಿನಕ್ಸ್ 1999ರಲ್ಲಿ 4.0ಯಿಂದ ಸೀದಾ 7.0ಗೆ ಹಾರಿತು, ಬೇರೆ ಲಿನಕ್ಸ್‌ಗಳ ಸಂಖ್ಯೆ ಮುಂದಿದೆ ಎಂಬ ಕಾರಣಕ್ಕೆ. ಡೊನಾಲ್ಡ್ ಕ್ನೂತ್ ತಮ್ಮ ಅಕ್ಷರಜೋಡಣೆ ತಂತ್ರಾಂಶ ಟೆಕ್‌ಗೆ ಪ್ರತಿ ತಿದ್ದುಪಡಿಯಲ್ಲೂ ಪೈ ಸಂಖ್ಯೆಯ ಒಂದೊಂದು ಅಂಕಿಯನ್ನು ಸೇರಿಸುತ್ತಾ ಹೋಗಿದ್ದಾರೆ. 2021ರಲ್ಲಿ ಅದು 3.141592653 ಆಗಿತ್ತು.

ಕಡತದೊಳಗಿನ ಗುರುತಿನ ಚೀಟಿ

ಈಗ ಪೆಟ್ಟಿಗೆ ತೆರೆದು ಒಳಗೆ ನೋಡೋಣ. ಉದಾಹರಣೆಗೆ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಇರಲಿ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಇದರ ಮೇಲೆ ಕೆಲಸ ಮಾಡುವವರು ದಂಡಿಯಾಗಿದ್ದಾರೆ, ನಿಮ್ಮ ಮನೆಯಲ್ಲೂ ಒಬ್ಬರು ಇರಬಹುದು. ಡಾಟ್‌ನೆಟ್‌ನಲ್ಲಿ ಬರೆದ ಕೋಡ್ ಸಿದ್ಧವಾದ ಮೇಲೆ ಡಿಎಲ್‌ಎಲ್ ಅಥವಾ ಇಎಕ್ಸ್‌ಇ ಕಡತವಾಗುತ್ತದೆ. ಇದಕ್ಕೆ ಅವರು ಇಟ್ಟ ಹೆಸರು ಅಸೆಂಬ್ಲಿ. ವಿಧಾನಸಭೆಗೂ ಇದಕ್ಕೂ ಸಂಬಂಧವಿಲ್ಲ, ಅಸೆಂಬ್ಲಿ ಭಾಷೆ ಎಂಬ ಹಳೆಯ ಕಂಪ್ಯೂಟರ್ ಭಾಷೆಗೂ ಇಲ್ಲ. ಬಿಡಿಭಾಗಗಳನ್ನು ಜೋಡಿಸಿದ ಒಂದು ಘಟಕ ಎಂದು ತಿಳಿದರೆ ಸಾಕು.

ಡಾಟ್‌ನೆಟ್‌ನ ಮೊದಲ ಆವೃತ್ತಿ 2002ರಲ್ಲಿ ಬಂತು. ಅದಕ್ಕೆ ಮುಂಚಿನ ವಿಂಡೋಸ್ ದಿನಗಳನ್ನು ನೆನೆದರೆ ಹಳಬರು ಇಂದಿಗೂ ಹಣೆ ಒತ್ತಿಕೊಳ್ಳುತ್ತಾರೆ. ಹಲವು ತಂತ್ರಾಂಶಗಳು ಒಂದೇ ಡಿಎಲ್‌ಎಲ್ ಕಡತವನ್ನು ಹಂಚಿಕೊಳ್ಳುತ್ತಿದ್ದವು. ಹೊಸದೊಂದು ತಂತ್ರಾಂಶವನ್ನು ಹಾಕಿದರೆ ಅದು ಆ ಕಡತದ ತನ್ನ ಪ್ರತಿಯನ್ನು ಹಳೆಯದರ ಮೇಲೆ ಬರೆದುಬಿಡುತ್ತಿತ್ತು. ನಿನ್ನೆಯವರೆಗೆ ಓಡುತ್ತಿದ್ದ ಇನ್ನೊಂದು ತಂತ್ರಾಂಶ ಕಾರಣವಿಲ್ಲದೆ ಕೆಡುತ್ತಿತ್ತು. ಈ ಪಾಡಿಗೆ 'ಡಿಎಲ್‌ಎಲ್ ನರಕ' ಎಂಬ ಹೆಸರೇ ಬಂತು. ಅದರಿಂದ ಪಾರಾಗಲು ಪ್ರತಿ ಅಸೆಂಬ್ಲಿಯೂ ತನ್ನ ಗುರುತನ್ನು ತನ್ನೊಳಗೇ ಹೊತ್ತು ತಿರುಗಬೇಕು ಎಂದು ಡಾಟ್‌ನೆಟ್ ನಿಯಮ ಮಾಡಿತು. ಹೆಸರು, ಆವೃತ್ತಿ, ಯಾವ ಭಾಷಾ ಪ್ರದೇಶಕ್ಕೆ ಸೇರಿದ್ದು, ತಯಾರಕರ ಕೀಲಿಯ ಗುರುತು, ಈ ನಾಲ್ಕೂ ಸೇರಿದರೆ ಅದರ ಪೂರ್ತಿ ಹೆಸರು. ಇದರ ಜೊತೆಗೆ ಕಂಪನಿಯ ಹೆಸರು, ವಿವರಣೆ, ಹಕ್ಕುಸ್ವಾಮ್ಯದ ಸಾಲು ಇತ್ಯಾದಿ. ಇವೆಲ್ಲವನ್ನೂ ಸೇರಿಸಿ ಮೆಟಾಡೇಟಾ, ಅಂದರೆ ಮಾಹಿತಿಯ ಬಗೆಗಿನ ಮಾಹಿತಿ, ಎನ್ನುತ್ತಾರೆ.

ಡಾಟ್‌ನೆಟ್‌ಗೆ ಹೊಸದಾಗಿ ಬಂದವರು ಗೊಂದಲಕ್ಕೆ ಬೀಳುವುದು ಒಂದೇ ಕಡತಕ್ಕೆ ಮೂರು ಆವೃತ್ತಿ ಸಂಖ್ಯೆಗಳಿರುವುದನ್ನು ಕಂಡಾಗ: ಅಸೆಂಬ್ಲಿ ವರ್ಷನ್, ಫೈಲ್ ವರ್ಷನ್, ಇನ್ಫರ್ಮೇಷನಲ್ ವರ್ಷನ್. ಮೂರು ಯಾಕೆ, ಒಂದೇ ಸಾಲದೇ?

ಮನೆಯಲ್ಲಿರುವ ಯಾವುದಾದರೂ ಮಾತ್ರೆಯ ಪಟ್ಟಿ ತೆಗೆದು ನೋಡಿ. ಅದರ ಮೇಲೆ ಔಷಧದ ಹೆಸರು ಮತ್ತು ಪ್ರಮಾಣ ಇದೆ, 'ಪ್ಯಾರಸಿಟಮಾಲ್ 500 ಮಿಗ್ರಾಂ' ಎಂದು. ವೈದ್ಯರು ಚೀಟಿಯಲ್ಲಿ ಬರೆಯುವುದು ಇದನ್ನೇ. ಔಷಧದಂಗಡಿಯವರು 500ರ ಬದಲು 650 ಕೊಟ್ಟರೆ ಅದು ಬೇರೆ ಔಷಧವೇ ಆಯಿತು. ಅಸೆಂಬ್ಲಿ ವರ್ಷನ್ ಇಂಥದ್ದು. ಒಂದು ತಂತ್ರಾಂಶ ಇನ್ನೊಂದನ್ನು ಹುಡುಕುವಾಗ ಕೇಳುವುದು ಈ ಸಂಖ್ಯೆಯನ್ನು. ಪಟ್ಟಿಯ ಮೇಲೆ ಬ್ಯಾಚ್ ಸಂಖ್ಯೆಯೂ ಇದೆ. ವೈದ್ಯರಿಗೆ ಅದು ಬೇಡ, ಆದರೆ ಯಾವುದೋ ಬ್ಯಾಚ್‌ನಲ್ಲಿ ದೋಷ ಕಂಡು ಮಾರುಕಟ್ಟೆಯಿಂದ ವಾಪಸು ತರಿಸಬೇಕಾದರೆ ಅದೊಂದೇ ದಾರಿ. ಫೈಲ್ ವರ್ಷನ್ ಈ ಬ್ಯಾಚ್ ಸಂಖ್ಯೆ. ಡಾಟ್‌ನೆಟ್ ತಾನು ಕಡತ ಹುಡುಕುವಾಗ ಇದನ್ನು ನೋಡುವುದಿಲ್ಲ. ವಿಂಡೋಸ್‌ನಲ್ಲಿ ಕಡತದ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್, ಡೀಟೇಲ್ಸ್ ಎಂದು ಹೋದರೆ ಕಾಣುವುದು ಇದೇ. ಇನ್ನು ಇನ್ಫರ್ಮೇಷನಲ್ ವರ್ಷನ್ ಮನುಷ್ಯರು ಓದಲು. ಅದರಲ್ಲಿ ಬರೀ ಅಂಕಿಗಳೇ ಇರಬೇಕೆಂದಿಲ್ಲ, '3.2.0-ಬೀಟಾ' ಎಂದೂ ಬರೆಯಬಹುದು. ಡೀಟೇಲ್ಸ್‌ನಲ್ಲಿ ಪ್ರಾಡಕ್ಟ್ ವರ್ಷನ್ ಎಂಬ ಸಾಲಿನಲ್ಲಿ ಕಾಣುವುದು ಇದು.

ಹಾಗಾದರೆ ಯಾವುದನ್ನು ಯಾವಾಗ ಬದಲಿಸಬೇಕು? ಇಲ್ಲಿ ನಿಯಮಕ್ಕಿಂತ ಅನುಭವವೇ ಹೆಚ್ಚು ಮಾತಾಡುತ್ತದೆ. ಡಾಟ್‌ನೆಟ್ ಜಗತ್ತಿನಲ್ಲಿ ಬಹಳ ಬಳಕೆಯಲ್ಲಿರುವ ನ್ಯೂಟನ್‌ಸಾಫ್ಟ್ ಜೆಸಾನ್ ಎಂಬ ಲೈಬ್ರರಿಯನ್ನು ನೋಡಿ. 13.0.1 ಇರಲಿ, 13.0.3 ಇರಲಿ, ಅದರ ಅಸೆಂಬ್ಲಿ ವರ್ಷನ್ 13.0.0.0 ಎಂದೇ ಇರುತ್ತದೆ. ಪ್ರತಿ ಸಣ್ಣ ತಿದ್ದುಪಡಿಗೂ ಅದನ್ನು ಬದಲಿಸಿದರೆ ಬಳಸುವವರ ಗತಿ ಏನಾಗುತ್ತದೆ ಎಂಬುದನ್ನು ಅದರ ಕರ್ತೃಗಳು ಬಲ್ಲರು.

ಬದಲಿಸಿದರೂ ಕಷ್ಟ, ಬದಲಿಸದಿದ್ದರೂ ಕಷ್ಟ

ಆ ಗತಿ ಹೀಗಿರುತ್ತದೆ. ನಿಮ್ಮ ತಂತ್ರಾಂಶ ಎರಡು ಲೈಬ್ರರಿಗಳನ್ನು ಬಳಸುತ್ತದೆ. ಮೊದಲನೆಯದು ಮೂರನೆಯದೊಂದು ಲೈಬ್ರರಿಯ 12ನೇ ಆವೃತ್ತಿ ಬೇಕು ಎನ್ನುತ್ತದೆ, ಎರಡನೆಯದು 13 ಬೇಕು ಎನ್ನುತ್ತದೆ. ಕಡತಕೋಶದಲ್ಲಿ ಒಂದೇ ಹೆಸರಿನ ಎರಡು ಕಡತ ಇರುವಂತಿಲ್ಲ, ಹಾಗಾಗಿ 13 ಮಾತ್ರ ಉಳಿಯುತ್ತದೆ. ಕೀಲಿ ಹಾಕಿ ಸಹಿ ಮಾಡಿದ ಅಸೆಂಬ್ಲಿಗಳ ವಿಷಯದಲ್ಲಿ ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕ್ ಬಹಳ ಕಟ್ಟುನಿಟ್ಟು. ಕೇಳಿದ್ದು 12, ಸಿಕ್ಕಿದ್ದು 13, ಆದ್ದರಿಂದ ಆಗದು ಎನ್ನುತ್ತದೆ. ಸಿಕ್ಕ ಅಸೆಂಬ್ಲಿಯ ವಿವರ ಕೇಳಿದ್ದರೊಂದಿಗೆ ಹೊಂದುತ್ತಿಲ್ಲ ಎಂಬ ಆ ದೋಷಸಂದೇಶವನ್ನು ಒಮ್ಮೆಯಾದರೂ ನೋಡದ ಡಾಟ್‌ನೆಟ್ ತಂತ್ರಜ್ಞರು ಅಪರೂಪ. ತಮಾಷೆಯೆಂದರೆ ಇದು ಬರೆದವರ ಕಂಪ್ಯೂಟರ್‌ನಲ್ಲಿ ಸರಿಯಾಗಿ ಓಡಿ, ಗ್ರಾಹಕರ ಸರ್ವರ್‌ನಲ್ಲಿ, ಅದೂ ಆ ಲೈಬ್ರರಿ ಬೇಕಾದ ಕ್ಷಣದಲ್ಲಿ ಮಾತ್ರ ತಲೆ ಎತ್ತಬಹುದು.

ಇದಕ್ಕೆ ಮದ್ದು ಇದೆ. '12 ಕೇಳಿದವರಿಗೂ 13 ಕೊಡು' ಎಂದು ಸಂಯೋಜನೆ ಕಡತದಲ್ಲಿ ಬರೆಯುವುದು, ಬೈಂಡಿಂಗ್ ರೀಡೈರೆಕ್ಟ್ ಎಂದು ಅದರ ಹೆಸರು. ದೊಡ್ಡ ಯೋಜನೆಗಳಲ್ಲಿ ಇಂಥ ಸಾಲುಗಳು ಪುಟಗಟ್ಟಲೆ ಬೆಳೆದಿರುತ್ತವೆ, ಯಾವುದು ಯಾಕಿದೆ ಎಂದು ಹೇಳಲು ಯಾರೂ ಉಳಿದಿರುವುದಿಲ್ಲ. ಈಗಿನ ಡಾಟ್‌ನೆಟ್ ಸ್ವಲ್ಪ ಸಡಿಲವಾಗಿದೆ. ಕೇಳಿದ್ದಕ್ಕಿಂತ ಹೆಚ್ಚಿನ ಆವೃತ್ತಿ ಸಿಕ್ಕರೆ ತೆಗೆದುಕೊಳ್ಳುತ್ತದೆ, ಕಡಿಮೆಯದನ್ನು ಮಾತ್ರ ನಿರಾಕರಿಸುತ್ತದೆ.

ಹಾಗಾದರೆ ಸಂಖ್ಯೆಯನ್ನೇ ಮುಟ್ಟದೆ ಇದ್ದುಬಿಡೋಣವೇ? ಫೈಲ್ ವರ್ಷನ್ ವಿಷಯದಲ್ಲಿ ಹಾಗೆ ಮಾಡಿದರೆ ಇನ್ನೊಂದು ಗುಂಡಿ ಕಾದಿದೆ. ವಿಂಡೋಸ್ ಇನ್‌ಸ್ಟಾಲರ್ ಹಳೆಯ ಕಡತದ ಮೇಲೆ ಹೊಸದನ್ನು ಇಡುವ ಮೊದಲು ಎರಡರ ಫೈಲ್ ವರ್ಷನ್ ಹೋಲಿಸುತ್ತದೆ. ಹೊಸದರ ಸಂಖ್ಯೆ ದೊಡ್ಡದಿದ್ದರೆ ಮಾತ್ರ ಬದಲಿಸುತ್ತದೆ. ಎರಡೂ ಒಂದೇ ಆಗಿದ್ದರೆ ಸಾಮಾನ್ಯವಾಗಿ ಹಳೆಯದನ್ನೇ ಉಳಿಸಿಕೊಳ್ಳುತ್ತದೆ. ಅಂದರೆ ದೋಷ ಸರಿಪಡಿಸಿ, ಪರೀಕ್ಷೆ ಮಾಡಿ, ಗ್ರಾಹಕರಿಗೆ ಕಳಿಸಿ, ಅವರು ಇನ್‌ಸ್ಟಾಲ್ ಮಾಡಿ, ಪರದೆಯ ಮೇಲೆ 'ಯಶಸ್ವಿಯಾಗಿದೆ' ಎಂದು ಬಂದ ಮೇಲೂ ಅದೇ ಹಳೆಯ ದೋಷ ಅಲ್ಲೇ ಕುಳಿತಿರುತ್ತದೆ. ಭದ್ರತೆಗೆ ಸಂಬಂಧಿಸಿದ ದೋಷವಾಗಿದ್ದರೆ? ಬೀಗ ಬದಲಿಸಿದ್ದೇವೆ ಎಂಬ ನೆಮ್ಮದಿಯಲ್ಲಿ ಮನೆಯವರು ಮಲಗಿರುತ್ತಾರೆ, ಹಳೆಯ ಕೀಲಿ ಇನ್ನೂ ಬಾಗಿಲು ತೆರೆಯುತ್ತಿರುತ್ತದೆ.

ನಕ್ಷತ್ರದ ಮೊರೆ ಹೋದವರು

ಪ್ರತಿ ಸಲ ಕೈಯಾರೆ ಸಂಖ್ಯೆ ಏರಿಸುವುದು ಬೇಸರದ ಕೆಲಸ, ಮರೆಯುವುದು ಸಹಜ. ಅದಕ್ಕೆ ಡಾಟ್‌ನೆಟ್ ಮೊದಲಿನಿಂದಲೂ ಒಂದು ಉಪಾಯ ಕೊಟ್ಟಿದೆ. ಅಸೆಂಬ್ಲಿ ವರ್ಷನ್ ಜಾಗದಲ್ಲಿ '1.0.*' ಎಂದು ನಕ್ಷತ್ರ ಹಾಕಿದರೆ ಉಳಿದ ಎರಡು ಸಂಖ್ಯೆಗಳನ್ನು ಅದೇ ತುಂಬುತ್ತದೆ. ಮೂರನೆಯದು 2000ದ ಜನವರಿ 1ರಿಂದ ಕಳೆದ ದಿನಗಳ ಸಂಖ್ಯೆ. ನಾಲ್ಕನೆಯದು ಮಧ್ಯರಾತ್ರಿಯಿಂದ ಕಳೆದ ಸೆಕೆಂಡುಗಳು, ಆದರೆ ಎರಡರಿಂದ ಭಾಗಿಸಿದ್ದು.

ಭಾಗಿಸುವುದು ಯಾಕೆ? ಮತ್ತೆ ಡಬ್ಬಿಯ ಕಥೆಯೇ. ನಾಲ್ಕು ಭಾಗಗಳಲ್ಲಿ ಒಂದೊಂದಕ್ಕೂ ಸಿಕ್ಕಿರುವುದು 16 ಬಿಟ್, ಹಿಡಿಸುವುದು 65,535ರವರೆಗೆ, ಅಸೆಂಬ್ಲಿ ವರ್ಷನ್‌ಗೆ ಅದರಲ್ಲೂ ಒಂದು ಕಡಿಮೆ. ದಿನಕ್ಕೆ ಸೆಕೆಂಡುಗಳು 86,400. ಅರ್ಧ ಮಾಡಿದರೆ 43,200, ಆಗ ಹಿಡಿಸುತ್ತದೆ. ದಿನಗಳ ಲೆಕ್ಕ ಇದೇ ಮಿತಿ ಮುಟ್ಟಲು 179 ವರ್ಷ ಬೇಕು, 2179ರವರೆಗೆ ಚಿಂತೆಯಿಲ್ಲ.

ದಿನಾಂಕವನ್ನು ನೇರವಾಗಿ ಬರೆಯಲು ಹೊರಟವರಿಗೆ ಅಷ್ಟು ಪುರುಸೊತ್ತು ಸಿಗಲಿಲ್ಲ. ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಡಾಟ್‌ನೆಟ್ ಕಡತಕೋಶದೊಳಗೆ ಇಣುಕಿದವರಿಗೆ 'ವಿ2.0.50727' ಎಂಬ ಹೆಸರು ನೆನಪಿರಬಹುದು. ಆ 50727 ವಿಚಿತ್ರ ಸಂಖ್ಯೆಯೇನಲ್ಲ, 2005ರ ಜುಲೈ 27. ವರ್ಷಕ್ಕೆ ಒಂದಂಕಿ, ತಿಂಗಳಿಗೆ ಎರಡು, ದಿನಕ್ಕೆ ಎರಡು. 2006ರಲ್ಲೂ ಈ ಪದ್ಧತಿ ನಡೆಯಿತು. 2007ರ ಜನವರಿ 1ಕ್ಕೆ ಅದು 70101 ಆಗಬೇಕು, 65,535 ದಾಟಿಬಿಟ್ಟಿತು! ಎಣಿಕೆಯ ಆರಂಭದ ವರ್ಷವನ್ನೇ ಬದಲಿಸಿ ಆ ಇಕ್ಕಟ್ಟಿನಿಂದ ಹೊರಬರಬೇಕಾಯಿತು. ಹದಿನೈದು ವರ್ಷದ ನಂತರ ಎಕ್ಸ್‌ಚೇಂಜ್ ಮುಗ್ಗರಿಸಿದ್ದೂ ಇದೇ ಕಲ್ಲಿಗೆ, ಕಲ್ಲು ಸ್ವಲ್ಪ ದೊಡ್ಡದಿತ್ತು ಅಷ್ಟೆ.

ನಕ್ಷತ್ರಕ್ಕೆ ಇನ್ನೊಂದು ದೋಷವಿದೆ. ಒಂದೇ ಕೋಡನ್ನು ಎರಡು ಸಲ ಸಿದ್ಧಪಡಿಸಿದರೆ ಎರಡು ಬೇರೆ ಸಂಖ್ಯೆಗಳ ಕಡತ ಬರುತ್ತದೆ. ಇವತ್ತು ಭದ್ರತೆಯ ದೃಷ್ಟಿಯಿಂದ ಬೇಕಾಗಿರುವುದು ಇದಕ್ಕೆ ವಿರುದ್ಧ: ಒಂದೇ ಕೋಡಿನಿಂದ ಯಾರು, ಎಲ್ಲಿ, ಯಾವಾಗ ಸಿದ್ಧಪಡಿಸಿದರೂ ಬಿಟ್ಟುಬಿಟ್ಟಾಗಿ ಒಂದೇ ಕಡತ ಬರಬೇಕು, ಆಗ ಮಾತ್ರ ನಡುವೆ ಯಾರೂ ಕೈ ಹಾಕಿಲ್ಲ ಎಂದು ತಾಳೆ ನೋಡಬಹುದು. ಹೊಸ ಮಾದರಿಯ ಡಾಟ್‌ನೆಟ್ ಯೋಜನೆಗಳು ಹುಟ್ಟಿನಿಂದಲೇ ಈ ಪದ್ಧತಿಯವು, ಆದ್ದರಿಂದ ನಕ್ಷತ್ರ ಕಂಡರೆ ದೋಷ ತೋರಿಸಿ ನಿಲ್ಲುತ್ತವೆ.

ಬರೆಯುವ ಜಾಗವೂ ಬದಲಾಗಿದೆ. ಮೊದಲು ಪ್ರತಿ ಯೋಜನೆಯಲ್ಲೂ ಅಸೆಂಬ್ಲಿ-ಇನ್ಫೋ ಎಂಬ ಪುಟ್ಟ ಕಡತ ಇರುತ್ತಿತ್ತು. ನಲವತ್ತು ಯೋಜನೆಗಳಿದ್ದರೆ ನಲವತ್ತು ಕಡತ, ಬಿಡುಗಡೆಯ ಹಿಂದಿನ ರಾತ್ರಿ ಎಲ್ಲದರಲ್ಲೂ ಸಂಖ್ಯೆ ತಿದ್ದುವ ಕೆಲಸ ತಂಡದ ಹೊಸಬರ ಪಾಲಿಗೆ. 2017ರ ನಂತರದ ಮಾದರಿಯಲ್ಲಿ ಈ ವಿವರಗಳೆಲ್ಲ ಯೋಜನೆಯ ಮುಖ್ಯ ಕಡತಕ್ಕೇ ಬಂದವು, ಅಸೆಂಬ್ಲಿ-ಇನ್ಫೋ ತಾನಾಗಿ ಸೃಷ್ಟಿಯಾಗುತ್ತದೆ. ಹಳೆಯದನ್ನು ಅಳಿಸದೆ ಹೊಸ ಮಾದರಿಗೆ ಹೋದವರಿಗೆ 'ಒಂದೇ ವಿವರ ಎರಡು ಕಡೆ ಇದೆ' ಎಂಬ ದೋಷ ಸಿಗುತ್ತದೆ. ಹಳೆಯ ಕಡತ ತೆಗೆಯಬೇಕು, ಇಲ್ಲವೇ ತಾನಾಗಿ ಸೃಷ್ಟಿಸುವುದನ್ನು ನಿಲ್ಲಿಸಬೇಕು. ನನ್ನ ಮತ ಕೇಳಿದರೆ ಮೊದಲನೆಯದೇ ಲೇಸು. ಎಲ್ಲ ಯೋಜನೆಗಳಿಗೂ ಸಾಮಾನ್ಯವಾದ ಆವೃತ್ತಿ, ಕಂಪನಿ, ಹಕ್ಕುಸ್ವಾಮ್ಯದ ಸಾಲುಗಳನ್ನು ಮೇಲಿನ ಕಡತಕೋಶದಲ್ಲಿ 'ಡೈರೆಕ್ಟರಿ.ಬಿಲ್ಡ್.ಪ್ರಾಪ್ಸ್' ಎಂಬ ಒಂದೇ ಕಡತದಲ್ಲಿ ಇಟ್ಟರೆ ನಲವತ್ತು ಕಡೆ ತಿದ್ದುವ ಗೋಜಿಲ್ಲ. ಡಾಟ್‌ನೆಟ್ 8ರಿಂದ ಈಚೆಗೆ ಇನ್ಫರ್ಮೇಷನಲ್ ವರ್ಷನ್‌ನ ಕೊನೆಗೆ ಪ್ಲಸ್ ಚಿಹ್ನೆ ಹಾಕಿ, ಯಾವ ಕೋಡಿನಿಂದ ಇದು ಹುಟ್ಟಿತೋ ಆ ಗಿಟ್ ಗುರುತನ್ನೂ ತಾನಾಗಿ ಸೇರಿಸುತ್ತಾರೆ. ಗ್ರಾಹಕರ ಕಂಪ್ಯೂಟರ್‌ನಲ್ಲಿರುವ ಕಡತ ಯಾವ ದಿನದ ಯಾವ ಸಾಲುಗಳಿಂದ ಬಂದದ್ದು ಎಂದು ನೇರವಾಗಿ ಹುಡುಕಲು ಇದಕ್ಕಿಂತ ಉಪಯುಕ್ತವಾದದ್ದು ಆ ಮೂರು ಸಂಖ್ಯೆಗಳಲ್ಲಿ ಬೇರೆ ಯಾವುದೂ ಇಲ್ಲ.

'ಮೈಕ್ರೋಸಾಫ್ಟ್ ಎಂದು ಬರೆದಿದೆ, ಹಾಗಾಗಿ ಸುರಕ್ಷಿತ'

ಇನ್ನೊಂದು ನಂಬಿಕೆಯ ಕಡೆ ಬರೋಣ. ಅನುಮಾನ ಹುಟ್ಟಿಸುವ ಕಡತ ಕಂಡಾಗ ಪ್ರಾಪರ್ಟೀಸ್ ತೆರೆದು ನೋಡಿ, ಅಲ್ಲಿ ದೊಡ್ಡ ಕಂಪನಿಯ ಹೆಸರಿದ್ದರೆ ನಿಟ್ಟುಸಿರು ಬಿಡುವವರಿದ್ದಾರೆ. ಆ ಸಾಲನ್ನು ಬರೆಯುವುದು ತಂತ್ರಾಂಶ ಮಾಡಿದವರು. ಕಂಪನಿಯ ಹೆಸರಿನ ಜಾಗದಲ್ಲಿ ಅವರು ಏನು ಬೇಕಾದರೂ ಬರೆಯಬಹುದು, ಯಾರೂ ಪರಿಶೀಲಿಸುವುದಿಲ್ಲ. ಕುತಂತ್ರಾಂಶ ಬರೆಯುವವರು ಅಲ್ಲಿ ಹೆಸರಾಂತ ಕಂಪನಿಗಳ ಹೆಸರು, ನಂಬುವಂಥ ಆವೃತ್ತಿ ಸಂಖ್ಯೆ ಎಲ್ಲವನ್ನೂ ತುಂಬುತ್ತಾರೆ. ನೋಡಬೇಕಾದದ್ದು ಡಿಜಿಟಲ್ ಸಿಗ್ನೇಚರ್ಸ್ ಎಂಬ ಪುಟವನ್ನು. ಅದು ಇದ್ದು, ಪರಿಶೀಲನೆಯಲ್ಲಿ ಸರಿಯಾಗಿದ್ದರೆ, ಆ ಕಡತಕ್ಕೆ ಸಹಿ ಹಾಕಿದವರು ಯಾರೆಂಬುದು ಖಚಿತ. ಸಹಿ ಹಾಕಿದವರು ಒಳ್ಳೆಯವರೇ ಎಂಬುದು ಬೇರೆ ಪ್ರಶ್ನೆ. ಹಾಗೆಯೇ ಮೇಲೆ ಹೇಳಿದ ಡಾಟ್‌ನೆಟ್ ಕೀಲಿ ಅಸೆಂಬ್ಲಿಯ ಹೆಸರನ್ನು ಅನನ್ಯವಾಗಿಸಲು ಇರುವುದು, ಅದನ್ನು ಭದ್ರತೆಗೆ ನೆಚ್ಚಬೇಡಿ ಎಂದು ಮೈಕ್ರೋಸಾಫ್ಟೇ ಹೇಳುತ್ತದೆ.

ಹೊಸದೆಂದರೆ ಸುರಕ್ಷಿತವೇ?

ಬಹುಪಾಲು ಸಂದರ್ಭಗಳಲ್ಲಿ ಹೌದು. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಎಂಬ ಜಾವಾ ಲೈಬ್ರರಿಯಲ್ಲಿ ಭಯಂಕರ ದೋಷವೊಂದು ಬಯಲಾಯಿತು. ಒಂದು ಸಾಲು ಪಠ್ಯ ಕಳಿಸಿ ಬೇರೆಯವರ ಸರ್ವರ್‌ನಲ್ಲಿ ತಮ್ಮ ಕೋಡ್ ಓಡಿಸಲು ಅದರಿಂದ ಸಾಧ್ಯವಿತ್ತು. 2.15.0 ಬಂತು, ಅದು ಸಾಲಲಿಲ್ಲ. ಅದೇ ತಿಂಗಳಲ್ಲಿ 2.16.0, 2.17.0, 2.17.1 ಒಂದರ ಹಿಂದೆ ಒಂದು ಬಂದವು. ಆದರೆ ಆ ದಿನಗಳಲ್ಲಿ ತಂತ್ರಜ್ಞರ ನಿದ್ದೆ ಕೆಡಿಸಿದ್ದು ಅಪ್‌ಡೇಟ್ ಮಾಡುವ ಕೆಲಸಕ್ಕಿಂತ ಹೆಚ್ಚಾಗಿ 'ನಮ್ಮಲ್ಲಿ ಇದು ಎಲ್ಲೆಲ್ಲಿದೆ, ಯಾವ ಆವೃತ್ತಿ ಇದೆ' ಎಂಬ ಪ್ರಶ್ನೆ. ಯಾರಿಂದಲೋ ಕೊಂಡ ತಂತ್ರಾಂಶದೊಳಗೆ ಒಂದು ಪೊಟ್ಟಣ, ಅದರೊಳಗೆ ಇನ್ನೊಂದು, ಅದರೊಳಗೆ ಲಾಗ್4ಜೆ. ಎಷ್ಟೋ ಕಡೆ ಮರುಜೋಡಣೆಯಲ್ಲಿ ಕಡತದ ಹೆಸರು ಹೋಗಿತ್ತು, ಮೆಟಾಡೇಟಾ ಹೋಗಿತ್ತು. ಬ್ಯಾಚ್ ಸಂಖ್ಯೆ ಅಳಿಸಿಹೋದ ಮಾತ್ರೆಗಳ ಗುಡ್ಡೆಯಲ್ಲಿ ಕೆಟ್ಟದ್ದನ್ನು ಹುಡುಕಿದ ಹಾಗೆ.

2024ರ ಮಾರ್ಚ್‌ನಲ್ಲಿ ಇದಕ್ಕೆ ತಿರುವುಮುರುವಾದದ್ದು ನಡೆಯಿತು. ಲಿನಕ್ಸ್‌ನಲ್ಲಿ ಕಡತಗಳನ್ನು ಕುಗ್ಗಿಸಲು ಬಳಸುವ ಎಕ್ಸ್‌ಝಡ್ ತಂತ್ರಾಂಶದ ಆಗಷ್ಟೇ ಬಂದಿದ್ದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಉದ್ದೇಶಪೂರ್ವಕವಾಗಿ ಹಿಂಬಾಗಿಲು ಇಟ್ಟಿದ್ದರು. ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆ ಎಂದು ಗಮನಿಸಿ ಅದನ್ನು ಪತ್ತೆ ಹಚ್ಚಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞ. ಇಲ್ಲಿ ಅಪ್‌ಡೇಟ್ ಮಾಡದ ಸೋಮಾರಿಗಳೇ ಕ್ಷೇಮವಾಗಿದ್ದರು. ಹಿಂದಿನ 5.4ರ ಸರಣಿಗೆ ಮರಳಬೇಕಿತ್ತು, ಆದರೆ ಡೆಬಿಯನ್ ಲಿನಕ್ಸ್‌ನ ಅಪ್‌ಡೇಟ್ ವ್ಯವಸ್ಥೆ ತಾನಾಗಿ ಮೇಲಕ್ಕೆ ಹತ್ತುತ್ತದೆಯೇ ಹೊರತು ಕೆಳಗಿಳಿಯುವುದಿಲ್ಲ. ಅವರು ಹೊಸ ಪೊಟ್ಟಣಕ್ಕೆ '5.6.1+ರಿಯಲಿ5.4.5' ಎಂದು ಹೆಸರಿಟ್ಟರು. ಯಂತ್ರ ಮೊದಲರ್ಧ ಓದಿ ಇದು ದೊಡ್ಡದು ಎಂದುಕೊಳ್ಳುತ್ತದೆ, ಮನುಷ್ಯರು ಉಳಿದರ್ಧ ಓದಿ ಇದು ನಿಜವಾಗಿ 5.4.5 ಎಂದು ತಿಳಿಯುತ್ತಾರೆ. ಡಿಸೆಂಬರ್ 33ಕ್ಕೆ ಹತ್ತಿರದ ನೆಂಟ.

ಹಾಗೆಂದು ಎಲ್ಲದರಲ್ಲೂ ಒಂದು ಹೆಜ್ಜೆ ಹಿಂದಿರುವುದು ಜಾಣತನವೂ ಅಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ದೋಷದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ಕುಸಿದವು. ನಮ್ಮ ದೇಶದಲ್ಲೂ ವಿಮಾನ ಪ್ರಯಾಣಿಕರಿಗೆ ಕೆಲವೆಡೆ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು. ಎಚ್ಚರಿಕೆಗೆಂದು ಒಂದು ಆವೃತ್ತಿ ಹಿಂದೆಯೇ ಉಳಿಯುವ ಆಯ್ಕೆ ಮಾಡಿಕೊಂಡಿದ್ದವರನ್ನೂ ಅದು ಬಿಡಲಿಲ್ಲ. ಕೆಟ್ಟಿದ್ದು ತಂತ್ರಾಂಶದ ಹೊಸ ಆವೃತ್ತಿಯಲ್ಲ, ಅದು ಓದುವ ಮಾಹಿತಿ ಕಡತ. ಆ ಕಡತಕ್ಕೆ ಗ್ರಾಹಕರ ಆ ಆಯ್ಕೆ ಅನ್ವಯಿಸುತ್ತಿರಲಿಲ್ಲ.

ಪ್ರತಿ ತಂತ್ರಾಂಶದ ಜೊತೆಗೂ ಅದರೊಳಗೆ ಯಾವ ಯಾವ ಬಿಡಿಭಾಗಗಳಿವೆ, ಪ್ರತಿಯೊಂದರ ಆವೃತ್ತಿ ಯಾವುದು ಎಂಬ ಪಟ್ಟಿ ಇರಬೇಕು ಎಂಬ ಒತ್ತಾಯ ಈಗ ಸರ್ಕಾರಗಳ ಮಟ್ಟಕ್ಕೆ ಬಂದಿದೆ. ಬಿಸ್ಕತ್ತಿನ ಪೊಟ್ಟಣದ ಹಿಂದೆ ಪದಾರ್ಥಗಳ ಪಟ್ಟಿ ಇರುತ್ತದಲ್ಲ, ಅದೇ ಮಾದರಿ. ಅಮೆರಿಕ 2021ರಲ್ಲಿ ಇದನ್ನು ಸರ್ಕಾರಿ ಖರೀದಿಗೆ ಸಂಬಂಧಿಸಿದ ಆದೇಶದಲ್ಲಿ ಸೇರಿಸಿತು, ನಮ್ಮ ಸರ್ಟ್-ಇನ್ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಪಟ್ಟಿ ಮಾಡುವ ಉಪಕರಣಗಳು ಬಹಳಷ್ಟು ಕಡೆ ನಂಬುವುದು ಕಡತದೊಳಗೆ ಬರೆದಿರುವ ಸಂಖ್ಯೆಗಳನ್ನೇ. ಐದು ವರ್ಷದಿಂದ ಯಾರೂ ಮುಟ್ಟದ '1.0.0.0' ಎಂಬ ಸಾಲಿನೊಂದಿಗೆ ಹೊರಬಂದ ಕಡತಗಳು ಆ ಪಟ್ಟಿಯಲ್ಲಿ ಯಾವುದಕ್ಕೂ ಪ್ರಯೋಜನವಿಲ್ಲ. ಡಾಟ್‌ನೆಟ್‌ನಲ್ಲಿ ಏನೂ ಬರೆಯದಿದ್ದರೆ ಸಿಗುವುದು ಅದೇ ಸಂಖ್ಯೆ, ಆದ್ದರಿಂದ ಅಂಥವು ಕಡಿಮೆಯೇನಿಲ್ಲ.

ತಂತ್ರಾಂಶ ಬರೆಯದ ನಮ್ಮ ನಿಮ್ಮಂಥವರಿಗೆ ಇದರಿಂದ ಆಗುವ ಕೆಲಸ ಸಣ್ಣದು. ಆ್ಯಪ್ ಕೈಕೊಟ್ಟು ದೂರು ಕೊಡುವಾಗ 'ಲೇಟೆಸ್ಟ್ ವರ್ಷನ್ನೇ ಇದೆ' ಎಂದು ಬರೆಯಬೇಡಿ. ಆ ಮಾತಿನ ಅರ್ಥ ದಿನದಿನಕ್ಕೂ ಬದಲಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್' ತೆರೆದರೆ ಚುಕ್ಕೆಗಳ ನಡುವೆ ಮೂರೋ ನಾಲ್ಕೋ ಸಂಖ್ಯೆ, ಕೆಲವೊಮ್ಮೆ ಕೊನೆಗೆ ಅರ್ಥವಾಗದ ಅಕ್ಷರಗಳ ಬಾಲ ಕಾಣುತ್ತದೆ. ಬಾಲ ಸಮೇತ ಅಷ್ಟನ್ನೂ ನಕಲು ಮಾಡಿ ಕಳಿಸಿ.